ಜಗುಲಿಗೆ ಹೋದ ಚಾಪೆ

ನನ್ನ ಗಂಡ ಚಾಪೆ ಸುತ್ತಿಕೊಂಡು ಒಳಮನೆಯಿಂದ ಜಗುಲಿಗೆ ಹೋದಾಗ ನನಗೆ ಮೂವತ್ತು ವರ್ಷ, ಇಬ್ಬರು ಮಕ್ಕಳು. ಇದನ್ನೆಲ್ಲ ಹೆಂಗಸು ಬರೆಯಬಾರದು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಲಿ. ಅವರ ಮನೆಯ ಜಗುಲಿಯಲ್ಲೂ ಒಂದು ಚಾಪೆ ಇದ್ದೀತು, ಮೊದಲು ಹೋಗಿ ನೋಡಿಕೊಂಡು ಬರಲಿ.

ಅವನು ನನ್ನ ಸೋದರತ್ತೆಯ ಮಗ. ಚಿಕ್ಕಂದಿನಿಂದ ಬಾವ ಎಂದು ಕರೆದು ಅಭ್ಯಾಸ, ಮದುವೆಯಾದ ಮೇಲೂ ಅದೇ ಉಳಿಯಿತು. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಿಂದ ನಂದಿದುರ್ಗ ಎನ್ನುವ ಚಿನ್ನದ ಗಣಿಗೆ ಸೈಕಲ್ಲಿನಲ್ಲಿ ಹೋಗಿ, ನೆಲದೊಳಕ್ಕೆ ಇಳಿದು ಕೆಲಸ ಮಾಡಿ ಬರುತ್ತಿದ್ದ. ನಾನೂ ನನ್ನ ಅತ್ತೆಯೂ ಬೂದಿಕೋಟೆ ಕಡೆಯ ಒಂದೇ ಮನೆಯ ಹೆಣ್ಣುಮಕ್ಕಳು. ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಯವರು ನಾವು. ದಣಿದು ಬಂದವರಿಗೆ ಬೆಲ್ಲ, ನೀರು ಕೊಡುವುದು ಎಲ್ಲರ ಮನೆಯಲ್ಲೂ ಉಂಟು. ಬೇರೆಯವರು ಚೂರು ಕೊಟ್ಟರೆ ನಾವು ಮುಷ್ಟಿ ಗಾತ್ರದ ಉಂಡೆ ಕೊಡುತ್ತಿದ್ದೆವು, ಅದೇ ನಮ್ಮ ಜಂಬ. ಪಾಳಿ ಮುಗಿಸಿ ಬಾವ ಸೈಕಲ್ ಒರಗಿಸುವಷ್ಟರಲ್ಲಿ ಬೆಲ್ಲದ ತಟ್ಟೆ, ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಆ ವರ್ಷ ಅವನಿಗೆ ಒಂದು ಚೊಂಬು ಸಾಲದಾಯಿತು. ಎರಡು ಬೇಕು, ಮೂರು ಬೇಕು. ಗಣಿಯೊಳಗಿನ ಕಾವು ಅಂಥದ್ದು ಎಂದುಕೊಂಡೆವು, ಅಲ್ಲಿಗೆ ಇಳಿದವರೆಲ್ಲ ಬಾಯಾರಿಯೇ ಬರುತ್ತಿದ್ದರು. ಅಂಗಿ ಸಡಿಲವಾಯಿತು. ಪಾಳಿ ಕೆಲಸದಲ್ಲಿ ನಿದ್ದೆಗೆಟ್ಟರೆ ಮೈ ಹೇಗೆ ಹಿಡಿಯುತ್ತೆ ಎಂದೆವು. ಕಾಲು ಜೋಮು ಹಿಡಿಯುತ್ತದೆ ಎಂದ. ದಿನವಿಡೀ ಆ ದಪ್ಪ ಬೂಟು ಹಾಕಿದರೆ ಇನ್ನೇನು ಎಂದೆವು. ಗಣಿಯ ಸಂಬಳದಲ್ಲಿ ಉಣ್ಣುವ ಮನೆಗಳಲ್ಲಿ ಏನೇ ಆದರೂ ತಪ್ಪು ಹೊರಿಸಲು ಗಣಿ ಇತ್ತು. ಜಗುಲಿಗೆ ಹೋದ ಚಾಪೆಯೊಂದಕ್ಕೆ ಮಾತ್ರ ಗಣಿಯನ್ನು ದೂರಲು ಬರಲಿಲ್ಲ. “ಒಳ್ಗೆ ಸೆಕೆ” ಎಂದ. ಪುಷ್ಯ ಮಾಸ, ಕೊಟ್ಟಿಗೆಯಲ್ಲಿ ಹಸು ನಡುಗುತ್ತಿತ್ತು.

ಅತ್ತೆ ರಾಗಿ ಕೇರುತ್ತಾ ಹೇಳಿದಳು, “ನಿಮ್ಮಾವ್ನೂ ಇಂಗೇ ಮಾಡ್ದ ಕಣೆ. ನಲ್ವತ್ತು ತುಂಬೋ ಮುಂಚೇನೇ ಜಗ್ಲಿ ಸೇರ್ದ. ಗಣಿಯೋರ ಲೈನ್ ಮನೇಲಿ ಯಾವ್ಳನ್ನೋ ಮಡಿಕ್ಕೊಂಡಿದ್ದ. ಅಪ್ಪನ ಚಾಳಿ ಮಗನ್ಗೆ ಬಂದೈತೆ.” ಮಾವನೂ ಅದೇ ಗಣಿಯಲ್ಲಿದ್ದವರು. ನಾನು ಸೊಸೆಯಾಗಿ ಬರುವ ಮೊದಲೇ ಕಾಲಿನ ಹುಣ್ಣು ಮಾಯದೆ ತೀರಿಕೊಂಡಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮುದ್ದೆಯನ್ನು ತಟ್ಟೆಗೆ ಕುಕ್ಕಿದೆ. ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟೆ, ಬೆಲ್ಲ ನೀರನ್ನು ಅತ್ತೆಯೇ ಕೊಡತೊಡಗಿದಳು. ಬಾವ ತಲೆ ಬಗ್ಗಿಸಿ ಉಂಡು ಜಗುಲಿಗೆ ಹೋಗುತ್ತಿದ್ದ. ಅದಕ್ಕೆ ಇನ್ನೂ ಸಿಟ್ಟು ಬಂತು, ತಪ್ಪಿಲ್ಲದವನಾಗಿದ್ದರೆ ತಿರುಗಿ ಬೀಳಬೇಕಿತ್ತಲ್ಲ. ಸಾಕ್ಷಿ ಒಂದು ಸಿಗಲಿ, ಮಕ್ಕಳನ್ನು ಕರೆದುಕೊಂಡು ಬೂದಿಕೋಟೆ ಬಸ್ಸು ಹತ್ತುವುದೇ ಎಂದು ತೀರ್ಮಾನ ಮಾಡಿದೆ.

ಸಾಕ್ಷಿ ತೋರಿಸಿದ್ದು ಇರುವೆಗಳು. ರಜೆಯ ಬೆಳಿಗ್ಗೆ ಬಾವ ದನಗಳಿಗೆ ನೀರು ಕುಡಿಸಲು ಕೆರೆಗೆ ಹೋಗಿದ್ದ. ಕೊಟ್ಟಿಗೆ ಗುಡಿಸುತ್ತಿದ್ದೆ. ಹುಲ್ಲಿನ ಹೊರೆಯೊಳಕ್ಕೆ ಇರುವೆ ಸಾಲು ಹೋಗಿತ್ತು. ಕೈ ಹಾಕಿದರೆ ಒಂದು ತಗಡಿನ ಡಬ್ಬಿ, ಒಳಗೆ ಜೇನು ಬೆಲ್ಲದ ವಾಸನೆಯ ಕರಿ ಲೇಹ್ಯ. ಅವಳಿಗೆ ಒಯ್ಯುವ ಸಿಹಿ ಇದೇ ಎಂದುಕೊಂಡೆ. ನೋಡಿದರೆ ಇನ್ನೊಂದು ಸಾಲು ಪಕ್ಕದಲ್ಲಿದ್ದ ಗಣಿ ಬೂಟಿನ ಮೇಲೆ ಹತ್ತಿತ್ತು. ಕರಿ ಬೂಟಿನ ತುದಿಯಲ್ಲಿ ಬಿಳಿ ಚುಕ್ಕೆಗಳಿದ್ದವು. ಸುಣ್ಣವೆಂದು ಒದ್ದೆ ಬೆರಳಲ್ಲಿ ಉಜ್ಜಿದೆ, ಅಂಟಿತು. ಎರಡು ಬೆರಳ ನಡುವೆ ಎಳೆದು ಪಾಕ ನೋಡುತ್ತಾ ಬೆಳೆದವಳು ನಾನು, ಸಿಹಿಯ ಅಂಟು ನನಗೆ ತಿಳಿಯದೆ? ಬೂಟು ಹಾಕಿಕೊಂಡೇ ಬೇಲಿ ಮರೆಗೆ ಹೋಗಿ ನಿಲ್ಲುವ ಗಂಡಸಿನ ಬೂಟಿಗೆ ಏನು ಸಿಡಿಯುತ್ತದೆ ಎನ್ನುವುದೂ ತಿಳಿದಿತ್ತು. ಉಚ್ಚೆಯಲ್ಲಿ ಸಿಹಿ ಎಂದರೆ ಏನೆಂದು ಮಾತ್ರ ತಿಳಿಯಲಿಲ್ಲ.

ಬಾವ ಬಂದ ಕೂಡಲೇ ಡಬ್ಬಿ ಮುಖಕ್ಕೆ ಹಿಡಿದೆ. “ಯಾರ್ಗೆ ತಂದಿದ್ದು ಇದು? ಬಾಯ್ಬಿಡು.”

ಅವನು ಗೋದಲಿಯ ಪಕ್ಕ ಕುಸಿದು ಕೂತ. “ನಂಗೇ ಕಣೆ. ನನ್ ಕೈಲಿ ಆಗ್ತಾ ಇಲ್ಲ. ಮನ್ಸಿದ್ರೂ ಮೈ ಏಳಕಿಲ್ಲ. ಒಂದ್ ವರ್ಸ ಆಯ್ತು. ನಿನ್ ಪಕ್ಕ ಮನಿಕ್ಕೊಳ್ಳೋಕೆ ನಾಚ್ಕೆ. ಇದು ತಿಂದ್ರೆ ಸರೋಯ್ತದೆ ಅಂತ ಬಂಗಾರಪೇಟೆ ಟೇಸನ್ ತಾವ ಒಬ್ಬ ಮಾರ್ತಾನೆ.”

ಸುಳ್ಳೇಕೆ ಹೇಳಲಿ, ನನಗೆ ಮೊದಲು ಆದದ್ದು ಸಂತೋಷ. ಯಾವಳೂ ಇರಲಿಲ್ಲ. ಅವನ ಪಕ್ಕ ಸಗಣಿ ನೆಲದಲ್ಲೇ ಕೂತೆ, ಕಣ್ಣಲ್ಲಿ ನೀರು ಬಂತು. ಆಮೇಲೆ ಬೂಟು ಎತ್ತಿ ತೋರಿಸಿದೆ. “ಇದ್ಕೂ ಗಣೀನೇ ಕಾರ್ಣ ಅಂತೀಯಾ ಬಾವ? ನಾಳೆ ಆಸ್ಪತ್ರೆಗೆ ನಡಿ. ನಾನೂ ಬತ್ತೀನಿ.”

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ತಮಿಳು ಬೆರೆತ ಕನ್ನಡ. ಬಾವ ಕಾಲು ಜೋಮು ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡ. ಅವರು ಚೀಟಿ ಬರೆಯತೊಡಗಿದರು. ಇವನನ್ನು ನಂಬಿದರೆ ಕೆಟ್ಟೆ ಎಂದು ನಾನೇ ಮುಂದೆ ಹೋದೆ.

“ಸ್ವಾಮಿ, ಒಂದ್ ವರ್ಸದಿಂದ ನಮ್ಗೆ ಗಂಡ ಎಂಡ್ತಿ ಸಂಬಂದ ಇಲ್ಲ. ಇವ್ನಿಗೆ ಆಗ್ತಾ ಇಲ್ಲ. ಬೂಟಿಗೆ ಇರುವೆ ಮುತ್ಕೊಂತವೆ.”

ಸಾಲಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿದರು. ಬಾವ ನೆಲ ನೋಡಿದ. ಡಾಕ್ಟರು ನಗಲಿಲ್ಲ, ಪೆನ್ನು ಕೆಳಗಿಟ್ಟರು. ಅವನ ಮೂತ್ರದ ಕೆಲವು ಹನಿಗಳನ್ನು ಗಾಜಿನ ಕೊಳವೆಯ ನೀಲಿ ನೀರಿಗೆ ಬಿಟ್ಟು ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಿಗೆ ನಿಂತಿತು.

“ಸಕ್ಕರೆ ಕಾಯಿಲೆ ಅಮ್ಮಾ” ಎಂದರು. “ಅದು ನರ, ರಕ್ತದ ಸಣ್ಣ ಸಣ್ಣ ನಾಳ ಎಲ್ಲಾ ಕೆಡಿಸುತ್ತೆ. ಗಂಡಸರಿಗೆ ಎಷ್ಟೋ ಸಲ ಅಲ್ಲೇ ಮೊದಲು ಗೊತ್ತಾಗೋದು. ಅದನ್ನ ಯಾರೂ ಬಾಯಿ ಬಿಡಲ್ಲ. ಕಾಲು ಹೋಗುತ್ತೆ, ಕಣ್ಣು ಹೋಗುತ್ತೆ, ಎದೆ ಹಿಡಿಯುತ್ತೆ, ಆಗ ಬರ್ತಾರೆ.”

ಬೂಟು ಬಿಚ್ಚಿಸಿದರು. ಹೆಬ್ಬೆರಳ ಕೆಳಗೆ ಒಂದು ಗುಳ್ಳೆ ಒಡೆದು ಕೀವಾಗಿತ್ತು. ಅದು ಇರುವುದೇ ಬಾವನಿಗೆ ಗೊತ್ತಿರಲಿಲ್ಲ, ನೋವು ತಿಳಿದಿದ್ದರೆ ತಾನೆ? ಇನ್ನಷ್ಟು ದಿನ ಬಿಟ್ಟಿದ್ದರೆ ಕಾಲು ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರು. ಲೇಹ್ಯದ ಡಬ್ಬಿಯನ್ನು ಮೂಸಿ ನೋಡಿ ನನ್ನ ಕೈಗೆ ಕೊಟ್ಟು, ತಿಪ್ಪೆಗೆ ಹಾಕು ಎಂದರು.

ಮನೆಗೆ ಬಂದರೆ ಅತ್ತೆ ಬೆಲ್ಲದ ತಟ್ಟೆ, ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಕಿತ್ತುಕೊಂಡೆ. ಬಾಯಾರಿಕೆ, ಮೈ ಇಳಿಯುವುದು, ಜಗುಲಿ, ಕಾಲಿನ ಹುಣ್ಣು, ಎಲ್ಲ ಒಂದೇ ಕಾಯಿಲೆಯಂತೆ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

“ನಿಮ್ಮಾವ ಜಗ್ಲಿಯಿಂದ ನೀರು ನೀರು ಅಂತ ಕೂಗ್ತಿದ್ದ ಕಣೆ” ಎಂದಳು. “ಅವ್ಳನ್ನೇ ಕೇಳೋಗು ಅಂತ ಬಾಗ್ಲು ಆಕ್ಕೊಂತಿದ್ದೆ.”

ಬಾವನ ಹುಣ್ಣು ಮಾಯಿತು. ಗುಳಿಗೆ, ಪಥ್ಯ, ಅರ್ಧ ಮುದ್ದೆ. ಅಳತೆ ನನ್ನ ಕೈಯಲ್ಲಿತ್ತು, ಅವನ ಗೊಣಗಾಟಕ್ಕೆ ನಾನು ಬಗ್ಗಲಿಲ್ಲ. ಚಾಪೆ ಒಳಗೆ ಬಂತು. ಎಲ್ಲ ಮೊದಲಿನಂತೆ ಆಯಿತೇ ಎಂದರೆ, ಸ್ವಲ್ಪ ಆಯಿತು, ಸ್ವಲ್ಪ ಆಗಲಿಲ್ಲ. ಮನುಷ್ಯ ಪಕ್ಕದಲ್ಲಿದ್ದ, ಎರಡು ಕಾಲ ಮೇಲೆ ನಡೆದಾಡಿಕೊಂಡಿದ್ದ. ನನಗೆ ಬೇಕಾಗಿದ್ದದ್ದು ಅದು.

ಆ ವರ್ಷ ಹಿರಿಯರ ಹಬ್ಬದಲ್ಲಿ ಮಾವನ ಎಡೆಗೆ ಕಜ್ಜಾಯ ಇಡಲು ಅತ್ತೆ ಬಿಡಲಿಲ್ಲ. ಎಲೆಯ ಪಕ್ಕದಲ್ಲಿ ನೀರಿನ ಚೊಂಬುಗಳನ್ನು ಇಟ್ಟಳು, ಒಂದಲ್ಲ, ನಾಲ್ಕು. ಆಮೇಲೆ ಬಾವಿಗೆ ಹೋಗಿ ತಾನೇ ಇನ್ನೊಂದು ಚೊಂಬು ಸೇದಿ ತಂದು, ಜಗುಲಿಯಲ್ಲಿ ಮಾವ ಮಲಗುತ್ತಿದ್ದ ಜಾಗದಲ್ಲಿ ಇಟ್ಟು, ಬಾಗಿಲು ತೆರೆದೇ ಬಿಟ್ಟಳು.