ಫೋಟೋದ ಕೆಳಗಿನ ಹೆಸರು

ಪಿಂಪ್ರಿಯ ಒಂದು ಕನ್ನಡ ಶಾಲೆಯ ಗ್ರಂಥಾಲಯದಲ್ಲಿ ಸಕ್ಕುಬಾಯಿ ಹನ್ನೊಂದು ವರ್ಷದಿಂದ ಆಯಾ. ಯಾದಗಿರಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದಾಗ ಅವಳಿಗೆ ಓದು ಬರುತ್ತಿರಲಿಲ್ಲ. ಪುಸ್ತಕಗಳಿಗೆ ರಟ್ಟು ಹಾಕುತ್ತ, ಅವುಗಳ ಹೆಸರಿನ ಅಕ್ಷರ ಕೂಡಿಸಿಕೊಳ್ಳುತ್ತ ತಾನೇ ಕಲಿತಳು.

ಈ ವರ್ಷ ಮೈಸೂರಿನಿಂದ ಬಂದ ಗ್ರಂಥಪಾಲಕಿ ಧನುಶ್ರೀ ಅವಳಿಗೆ ಹೊಸ ಕೆಲಸ ಹೇಳಿಕೊಟ್ಟಳು. ಶನಿವಾರ ಮಕ್ಕಳು ಓದುವಾಗ ಫೋಟೋ ತೆಗೆದು ಆನ್‌ಲೈನ್ ಆಲ್ಬಮ್‌ಗೆ ಹಾಕುವುದು, ಅದರ ಲಿಂಕನ್ನು ಪಾಲಕರಿಗೆ ಕಳಿಸುವುದು. ಹೆಸರು ಬರೆಯಲು ಯಾರೂ ಹೇಳಿರಲಿಲ್ಲ. ಬರೀ ಮುಖ ಹಾಕಿದರೆ ಮಕ್ಕಳಿಗೆ ಮರ್ಯಾದೆಯಲ್ಲ ಎನಿಸಿ, ಸಕ್ಕುಬಾಯಿ ಹಾಜರಿ ಪುಸ್ತಕ ತೆರೆದಿಟ್ಟುಕೊಂಡು, ಇಲ್ಲಿನ ಮರಾಠಿ ರೂಢಿಯಂತೆ ಮಗುವಿನ ಹೆಸರಿನ ಮುಂದೆ ತಂದೆಯ ಹೆಸರನ್ನೂ ಒಂದೊಂದೇ ಅಕ್ಷರ ಒತ್ತಿ ಸೇರಿಸಿದಳು. ಊರಿನವರೂ ನೋಡಲಿ ಎಂದು ಊರಿನ ವಾಟ್ಸಾಪ್ ಗುಂಪಿಗೂ ಕಳಿಸಿದಳು.

ಅರ್ಧ ತಾಸಿನಲ್ಲಿ ಊರಿನ ಹಿರಿಯ ಮಲಕಪ್ಪನ ಉತ್ತರ ಬಂತು: "ಸೋನಾಲಿ ದೇವಾನಂದ ಅಂದ್ರ ನಮ್ಮ ದೇವಾನಂದನ ಮಗಳೇನ?"

ತಾನು ಮಾಡಿದ್ದೇನೆಂದು ಸಕ್ಕುಬಾಯಿಗೆ ಆಗಲೇ ಹೊಳೆದದ್ದು. ಸೋನಾಲಿಯ ತಾಯಿ ಮಾಯಾ ಗಂಡನ ಹೊಡೆತ ತಾಳದೆ ಎರಡು ವರ್ಷದ ಹಿಂದೆ ಊರು ಬಿಟ್ಟವಳು. ಅವಳಿರುವ ಜಾಗ ಊರಿನವರ ಪೈಕಿ ಗೊತ್ತಿದ್ದದ್ದು ಸಕ್ಕುಬಾಯಿಯೊಬ್ಬಳಿಗೇ. ಫೋಟೋದಲ್ಲಿ ಹುಡುಗಿಯ ಹಿಂದಿನ ಗೋಡೆಯ ಮೇಲೆ ಶಾಲೆಯ ಹೆಸರು, ಪಿಂಪ್ರಿ ಎಂಬುದೂ ಸೇರಿ, ಎದ್ದು ಕಾಣುತ್ತಿತ್ತು.

"ಬಾಯೋರ, ಇದನ್ನ ಲಗೂನ ತಗೀರಿ," ಎಂದು ಧನುಶ್ರೀಯ ಮುಂದೆ ಮೊಬೈಲ್ ಹಿಡಿದಳು.

ಧನುಶ್ರೀ ಆಲ್ಬಮ್ ಮುಚ್ಚಿದಳು. "ಇನ್ಮೇಲೆ ಯಾರಿಗೂ ಕಾಣಲ್ಲ ಸಕ್ಕುಬಾಯಿ. ಆದ್ರೆ ಇಷ್ಟೊತ್ತಿಗೆ ಯಾರ್ಯಾರು ಸೇವ್ ಮಾಡ್ಕೊಂಡಿದಾರೋ ನಂಗೆ ಗೊತ್ತಾಗಲ್ಲ."

ಸಕ್ಕುಬಾಯಿ ಮಲಕಪ್ಪನಿಗೆ ಫೋನ್ ಮಾಡಿದಳು. "ಮಲಕಣ್ಣ, ದೇವಾನಂದಗ ಹೇಳೀಯೇನ?"

"ನಾ ಯಾಕ ಹೇಳ್ಲಿ? ಗುಂಪಿನಾಗ ಅವನ ತಮ್ಮ ಭೀಮು ಅದಾನಲ್ಲ. ಅಂವಗ ಮೊಬೈಲ್ ನೋಡೂದು ಬಿಟ್ರ ಬ್ಯಾರೆ ಕೆಲಸ ಏನದ?"

ಕಪಾಟಿನ ಮರೆಯಲ್ಲಿ ನಿಂತು ದೇವರನ್ನು ಬೇಡಿಕೊಂಡಳು. ಮಾಯಾಳಿಗೆ ಹೇಳದೆ ಇದ್ದುಬಿಡಲೇ ಎಂದೂ ಒಂದು ಗಳಿಗೆ ಅನಿಸಿತು. ಆದರೆ ಬೇಡಿಕೊಂಡ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಇನ್ನೂ ಕಷ್ಟವಾಯಿತು.

ಶಾಲೆ ಬಿಟ್ಟಾಗ ಮಾಯಾ ಕಾರ್ಖಾನೆಯ ಅಂಗಿಯಲ್ಲೇ ಮಗಳನ್ನು ಕರೆಯಲು ಬಂದಳು. ಸಕ್ಕುಬಾಯಿ ಎಲ್ಲ ಹೇಳಿದಳು. ಕೇಳುತ್ತಲೇ ಮಾಯಾ ರಸ್ತೆಯ ಎರಡೂ ಕಡೆ ನೋಡಿದಳು.

"ಅವನ ಹೆಸರು ಬರದಾಕಿ ನೀನೇನಕ್ಕ?"

"ಹೌದವ್ವ. ನಾನ."

"ಆ ಹೆಸರು ಬಿಟ್ಟು ಬರಾಕ ನನಗ ಒಂಬತ್ತು ವರ್ಷ ಹಿಡೀತು." ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಕೇಳಿದಳು: "ಸೋಮವಾರ ಕಳಸಲೋ ಬ್ಯಾಡೋ?"

"ಕಳಸವ್ವ. ಗೇಟಿನ್ಯಾಗ ನಾ ಕುಂಡ್ರತೀನಿ."

ಮಾಯಾ ಮಗಳ ಕೈ ಹಿಡಿದುಕೊಂಡು ಬಿರಬಿರನೆ ನಡೆದುಬಿಟ್ಟಳು.

ಸೋಮವಾರ ಧನುಶ್ರೀಯನ್ನು ಕೇಳಿಕೊಂಡು, ರಟ್ಟು ಹಾಕುವ ಪುಸ್ತಕಗಳನ್ನೆಲ್ಲ ಗೇಟಿಗೆ ತಂದು ಸಕ್ಕುಬಾಯಿ ಸ್ಟೂಲಿನ ಮೇಲೆ ಕುಳಿತಳು. ಬೈಕು ನಿಂತಾಗಲೆಲ್ಲ ಅಂಟಿನ ಕೈ ಹಾಗೇ ನಿಲ್ಲುತ್ತಿತ್ತು. ಗಂಟೆ ಹೊಡೆಯಿತು. ಮಕ್ಕಳೆಲ್ಲ ಒಳಗೆ ಹೋದರು. ರಸ್ತೆ ಖಾಲಿಯಾದ ಮೇಲೆ ಮಾಯಾ ಬಂದಳು. ಮಗಳ ಕೈಯನ್ನು ಸಕ್ಕುಬಾಯಿಯ ಅಂಟಂಟು ಕೈಯೊಳಗೆ ಇಟ್ಟ ಮೇಲೆಯೇ ತನ್ನ ಕೈ ಬಿಟ್ಟಳು.

"ನಾ ಬರೂತನಕ ಬಿಡಬ್ಯಾಡಕ್ಕ."