ಕರೆಯದೆ ಬಂದವರು

ಇವತ್ತು ಬೆಳಿಗ್ಗೆ ಹತ್ತಿ ಸೀರೆಗೆ ಹಾಕೋಣವೆಂದು ಗಂಜಿ ಕುದಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮನೆಯವರಿಗೆಲ್ಲ ಅಪ್ಪಣೆ ಕೊಡತೊಡಗಿದೆ: ನೀನು ಈ ಸೆರಗು ಹಿಡಿ, ನೀನು ಅಲ್ಲಿ ನಿಲ್ಲು. "ಆಯಿ ಫೌಜದಾರ ಆದ್ಲು ನೋಡು" ಎಂದು ಮೊಮ್ಮಗಳು ನಕ್ಕಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇದೇ ಗುಣದಿಂದ ನಾನೊಮ್ಮೆ ಇಡೀ ಓಣಿಯನ್ನು ಕೆಡಿಸಿದ್ದೆ. ಕೇಳಿ.

ಐವತ್ತರ ದಶಕದಲ್ಲಿ ಸವಡಿಯ ಒಕ್ಕಲುತನದ ಮನೆಯಿಂದ ಗಜೇಂದ್ರಗಡದ ನೇಕಾರರ ಓಣಿಗೆ ಸೊಸೆಯಾಗಿ ಬಂದವಳು ನಾನು. ಎತ್ತು, ಕುಂಟೆ ಗೊತ್ತಿತ್ತು, ಮಗ್ಗ ಗೊತ್ತಿರಲಿಲ್ಲ. ಅಲ್ಲಿ ಬೆಳಗಾದರೆ ಓಣಿಯ ಉದ್ದಕ್ಕೂ ಹಾಸು ಬಿಗಿಯುತ್ತಿದ್ದರು. ಹಾಸೆಂದರೆ ಸೀರೆಯ ಉದ್ದನೆಯ ಎಳೆಗಳು, ಸಾವಿರಾರು. ಅವಕ್ಕೆ ಗಂಜಿ ಹಚ್ಚಿ, ಒಣಗುವ ಮೊದಲೇ ಕುಂಚದಿಂದ ತೀಡಿ, ಹರಿದದ್ದನ್ನು ಗಂಟು ಹಾಕಬೇಕು. ತಡವಾಯಿತೋ, ಎಳೆಗಳೆಲ್ಲ ಅಂಟಿ ಹಗ್ಗವಾಗುತ್ತವೆ. ಗಂಡ ಹೆಂಡತಿ ಇಬ್ಬರಿಂದ ಆಗುವ ಕೆಲಸವಲ್ಲ. ಆದರೂ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಹಾಸು ಕಂಡವರು ಬರುತ್ತಿದ್ದರು, ಹರಟೆ ಹೊಡೆಯುತ್ತಲೇ ಅತ್ತಿತ್ತ ಸರಿಯುತ್ತಿದ್ದರು, ಕೆಲಸ ಮುಗಿದುಬಿಡುತ್ತಿತ್ತು. ಯಜಮಾನನೇ ಇಲ್ಲದ ಈ ಪದ್ಧತಿ ಕಂಡು ನನಗೆ ಅಚ್ಚರಿ, ನಿಜ ಹೇಳಬೇಕೆಂದರೆ ಸ್ವಲ್ಪ ತಾತ್ಸಾರವೂ ಇತ್ತು.

ಒಮ್ಮೆ ಅತ್ತೆ ಮದುವೆಗೆಂದು ರಾಜೂರಿಗೆ ಹೋದರು. ಅವರಿಲ್ಲದೆ ನಾನೂ ಗಂಡನೂ ಇಬ್ಬರೇ ಹಾಕುವ ಮೊದಲ ಹಾಸು. ಕೆಟ್ಟರೆ ನೂಲೆಲ್ಲ ಹಾಳು, ತಿಂಗಳುಗಟ್ಟಲೆ ಮಗ್ಗ ಸುಮ್ಮನೆ. ನನ್ನ ತವರಿನಲ್ಲಿ ಕಳೆ ತೆಗೆಯಲು ಹಿಂದಿನ ಸಂಜೆಯೇ ಆಳು ಹೇಳುವ ರೂಢಿ. ನಾನೂ ಹಿಂದಿನ ಸಂಜೆ ಓಣಿಯ ಆರು ಮನೆಗಳಿಗೆ ಹೋಗಿ ಕರೆದೆ, ಯಾರು ಎಲ್ಲಿ ನಿಲ್ಲಬೇಕೆಂದೂ ಹೇಳಿದೆ. ಎದುರುಮನೆಯ ನೀಲಮ್ಮಜ್ಜಿಯನ್ನು ಮಾತ್ರ ಬಿಟ್ಟೆ. ಬೆರಳು ಸೆಟೆದು ಆಕೆಗೆ ಗಂಟು ಹಾಕಲಾಗುತ್ತಿರಲಿಲ್ಲ; ಹಾಸಿನ ಪಕ್ಕ ಬಾಯಿ ಮಾಡುತ್ತ ಅಡ್ಡಾಡುವುದಷ್ಟೇ ಆಕೆಯ ಕೆಲಸ.

ಬೆಳಿಗ್ಗೆ ಆರೂ ಮಂದಿ ಬಂದು ಹೇಳಿದ ಜಾಗದಲ್ಲೇ ನಿಂತರು. ಮಾತಿಲ್ಲ, ನಗೆಯಿಲ್ಲ. ಕರೆಯದವರು ತಮ್ಮ ತಮ್ಮ ಬಾಗಿಲಲ್ಲೇ ಉಳಿದರು. ಅಷ್ಟರಲ್ಲಿ ಹಾಸಿನ ನಡುವೆ ಎಳೆಗಳು ಹರಿಯತೊಡಗಿದವು. ಆ ಜಾಗದಲ್ಲಿ ನಿಲ್ಲಲು ನಾನು ಯಾರಿಗೂ ಹೇಳಿರಲಿಲ್ಲ. ಅದರ ಹತ್ತಿರ ನಾನೇ ನಿಲ್ಲಿಸಿದ್ದ ಗುರಪ್ಪನಿಗೆ, "ಕಾಕಾ, ನಡುವ ಸ್ವಲ್ಪ ನೋಡ್ರಿ" ಎಂದೆ.

"ಇಲ್ಲೇ ನಿಂದ್ರಿ ಅಂತ ನೀನ ಹೇಳಿದ್ಯಲ್ಲವಾ" ಎಂದ.

ಬಿಸಿಲೇರಿತು. ಗಂಡ ಒಬ್ಬನೇ ನಡುವೆ ಬಗ್ಗಿ ಗಂಟು ಹಾಕತೊಡಗಿದ. ಆತನ ಮುಖ ನೋಡಿ ನನಗೆ ಅಳು ಬಂತು. ನೀಲಮ್ಮಜ್ಜಿಯ ಕಟ್ಟೆಗೆ ಓಡಿದೆ. "ನಂದು ತಪ್ಪಾತ್ರಿ, ಬರ್ರಿ."

"ಕರದ್ರ ಬರಾಕ ಇದೇನು ಮದಿವಿ ಏನ? ಓಣ್ಯಾಗ ಹಾಸಿದ್ದು ಎಲ್ಲಾರದೂ ಅಂತ ಬರತೀವಿ. ನೀ ಅದನ್ನ ನಿಂದಷ್ಟ ಮಾಡಿಕೊಂಡಿ" ಎನ್ನುತ್ತಲೇ ಎದ್ದಳು. ಅಂಗೈಯನ್ನು ಎಳೆಗಳ ಮೇಲೆ ಆಡಿಸುತ್ತ ನಡೆದಳು. "ಗುರಪ್ಪಾ, ಕಾಲಿಗೆ ಬೇರು ಬಿಟ್ಟಾವೇನೋ? ನಡುವ ಹರದೈತಿ, ಲಗೂ ಬಾ!"

ಯಾರೋ ನಕ್ಕರು. ಗುರಪ್ಪ ಸರಿದ. ಅವನು ಬಿಟ್ಟ ಜಾಗಕ್ಕೆ ಬಾಗಿಲಲ್ಲಿ ನಿಂತಿದ್ದವಳು ಬಂದಳು, ಅವಳ ಹಿಂದೆ ಇನ್ನಿಬ್ಬರು. ಸುಮ್ಮನೆ ಬಾಯಿ ಮಾಡುತ್ತಾಳೆ ಎಂದುಕೊಂಡಿದ್ದ ಮುದುಕಿ ಒಂದು ತುದಿಯ ಸುದ್ದಿಯನ್ನು ಇನ್ನೊಂದು ತುದಿಗೆ ಮುಟ್ಟಿಸುತ್ತಿದ್ದಳು. ಓಣಿ ನಡೆಯುತ್ತಿದ್ದದ್ದೇ ಆ ಮಾತುಗಳಿಂದ. ಒಂದು ಮೊಳ ಅಂಟಿದ್ದು ಬಿಟ್ಟರೆ ಹಾಸು ಉಳಿಯಿತು. ಆ ಒರಟು ಮೊಳ ಬಂದ ಸೀರೆಯನ್ನು ನಾನೇ ಉಟ್ಟು ಹರಿದೆ.

ಇಷ್ಟು ನೆನೆಯುವಷ್ಟರಲ್ಲಿ ನನ್ನ ಅಪ್ಪಣೆಗೆ ಬೇಸತ್ತ ಮನೆಯವರು ಮೆಲ್ಲಗೆ ಜಾರಿದ್ದರು. ಒದ್ದೆ ಸೀರೆಯ ಒಂದು ತುದಿ ಹಿಡಿದು ಅಂಗಳದಲ್ಲಿ ಒಬ್ಬಳೇ ನಿಂತಿದ್ದೆ. ಮೊಮ್ಮಗಳನ್ನು ಕೂಗಲು ತೆರೆದ ಬಾಯಿ ಮುಚ್ಚಿದೆ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು ಬಟ್ಟೆ ಹಿಂಡುತ್ತಿದ್ದಳು. ಇಷ್ಟು ದಿನ ಆಕೆಯ ಹೆಸರೂ ಕೇಳಿರಲಿಲ್ಲ. "ಇವತ್ತ ಬಿಸಲು ಚಲೋ ಐತಿ ನೋಡವಾ" ಎಂದೆ, ಅಷ್ಟೇ.

ಆಕೆ ಕೈ ಒರೆಸಿಕೊಂಡು ಬಂದು ಇನ್ನೊಂದು ತುದಿ ಎತ್ತಿದಳು. "ಹ್ಯಾಂಗ ಹಿಡೀಲ್ರಿ?"

"ನಿನಗ ತಿಳಿದಂಗ ಹಿಡಿ, ತಂಗಿ" ಎಂದೆ.