ಊರು ಹೆಸರು ಗೊತ್ತಿಲ್ಲದ ಸ್ಕ್ರಿಪ್ಟು

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಕಂಪ್ಯೂಟರಿನ ಬಗ್ಗೆ ಮಾತಾಡಲು ಹಿಂಜರಿಯುವವಳಲ್ಲ. ಓದಿದವರೇ ಒಳಗೇನಿದೆಯೆಂದು ನೋಡದೆ ಗುಂಡಿ ಒತ್ತುವಾಗ ನನಗೇನು ಸಂಕೋಚ?

ಮೊಮ್ಮಗಳು ಕಾವ್ಯ ಗುಂಡ್ಲುಪೇಟೆಯ ಒಂದು ಆಫೀಸಿಗೆ ಹೊಸದಾಗಿ ಸೇರಿದ್ದಾಳೆ. ನಮ್ಮ ಭೀಮನಬೀಡು ಸುತ್ತಿನ ಹಾಲಿನ ಡೇರಿಗಳ ಕಂಪ್ಯೂಟರುಗಳನ್ನು ಮನೆಯಲ್ಲೇ ಕೂತು ನೋಡಿಕೊಳ್ಳುತ್ತಾಳೆ. ಮೊನ್ನೆ ಅವುಗಳಲ್ಲಿ ತುಂಬಿದ್ದ ಕಸವನ್ನೆಲ್ಲ ಒಂದೇ ಏಟಿಗೆ ಅಳಿಸಲು ಹೊರಟಿದ್ದಳು. ಅದಕ್ಕೊಂದು ಸ್ಕ್ರಿಪ್ಟಂತೆ. ಅಂದರೆ, ಇದು ಮಾಡು, ಆಮೇಲೆ ಅದು ಮಾಡು ಎಂದು ಕಂಪ್ಯೂಟರಿಗೆ ಬರೆದುಕೊಡುವ ಅಪ್ಪಣೆ. ಸೊಸೆಯರಿಗೆ ನಾವು ಬಾಯಲ್ಲೇ ಕೊಡುತ್ತಿದ್ದೆವು. ಕಂಪ್ಯೂಟರು ಎದುರಾಡುವುದಿಲ್ಲ, ಅಷ್ಟೇ ವ್ಯತ್ಯಾಸ.

"ಯಾರಮ್ಮಿ ಇದ ಬರ್ದೋನು?" ಎಂದೆ.

"ಗೊತ್ತಿಲ್ಲ ಕಣಜ್ಜಿ, ನೆಟ್ಟಲ್ಲಿ ಸಿಕ್ತು. ಎಲ್ರೂವೆ ಬಳಸ್ತರೆ."

"ಓದ್ದಾ?"

"ಭಾರಿ ಉದ್ದ ಅದೆ. ಓದ್ಕಂಡು ಕುಂತ್ರೆ ಕೆಲ್ಸ ಆದಂಗೆ."

"ಎಷ್ಟು ಅಧಿಕಾರ ಕೊಟ್ಟಿದ್ದೀಯೆ ಅದ್ಕೆ?"

"ಎಲ್ಲಾನೂವೆ. ಇಲ್ದಿದ್ರೆ ಮಾತುಮಾತ್ಗೂ ಪರ್ಮಿಷನ್ ಕೇಳ್ತದೆ."

ಅರಿಸಿನದ ಹೊಲಕ್ಕೆ ಹೊಸ ಆಳು ಬಂದರೆ, ಕಳೆ ಕೀಳುವ ಮೊದಲ ಸಾಲಿಗೆ ಯಜಮಾನಿಯೇ ಜೊತೆಗೆ ಕೂರುವುದು ನಮ್ಮ ವಾಡಿಕೆ. ಅವನು ಕೀಳುವುದು ಕಳೆಯನ್ನೋ ಬೆಳೆಯನ್ನೋ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ನನ್ನ ಗಂಡ, ಪುಣ್ಯಾತ್ಮ, ಒಮ್ಮೆ "ಅರಿಸಿನ ಬುಟ್ಟು ಎಲ್ಲಾ ಕಿತ್ತಾಕ್ರಪ್ಪ" ಎಂದು ಟೀ ಕುಡಿಯಲು ಹೋದರು. ಆಳುಗಳು ಪ್ರಾಮಾಣಿಕರು. ನಡುವೆ ನೆಟ್ಟಿದ್ದ ಮೆಣಸಿನ ಗಿಡವನ್ನೂ ಉಳಿಸಲಿಲ್ಲ.

"ಬೆಳಿಗ್ಗೆ ಡೇರಿ ಕಂಪ್ಯೂಟ್ರೇ ಕಣ್ಣು ಬುಡ್ದಿದ್ರೆ ಹೆಂಗಸ್ರು ಕ್ಯಾನ್ ಹಿಡ್ಕಂಡು ಇಲ್ಗೇ ಬತ್ತರೆ. ನಿನ್ ಕೆಲ್ಸಾನೂ ಓಯ್ತದೆ. ಮೊದ್ಲು ನಿಂದ್ರಲ್ಲೇ ಮಾಡಿ ನೋಡಮ್ಮಿ!"

ಗೊಣಗುತ್ತಲೇ ಅದನ್ನು ತನ್ನ ಲ್ಯಾಪ್‌ಟಾಪಿನ ಮೇಲೆ ಬಿಟ್ಟಳು. ನಾನು ಲೋಟ ತೊಳೆದು ಬರುವಷ್ಟರಲ್ಲಿ ಕಸವೂ ಇರಲಿಲ್ಲ, ಫೋಟೋಗಳೂ ಇರಲಿಲ್ಲ. ಹುಡುಗಿ ಆಮೇಲೆ ಸ್ಕ್ರಿಪ್ಟನ್ನು ಪೂರ್ತಿ ಓದಿ, ಕಸದ ಜಾಗ ಬಿಟ್ಟು ಬೇರೆಲ್ಲೂ ಕೈ ಹಾಕದಂತೆ ತಿದ್ದಿ, ಒಂದೊಂದೇ ಡೇರಿಗೆ ಬಿಟ್ಟಳು. ಬೆಳಿಗ್ಗೆ ಹಾಲು ಎಂದಿನಂತೆ ಅಳೆದಾಯಿತು.

ಅಳಿಸಿಹೋದದ್ದು ಯಾವ ಫೋಟೋ ಎಂದು ಕೇಳಿದೆ. ನಾನು ಮದುವೆ ಬ್ರೋಕರಿನಿಂದ ತರಿಸಿಕೊಟ್ಟಿದ್ದ ಗಂಡುಗಳ ಫೋಟೋ!

"ವಾಪಸ್ ಬರಲ್ವಾ?"

"ಇಲ್ಲ ಕಣಜ್ಜಿ, ಒಬ್ನೂ ಬರಲ್ಲ," ಎಂದಳು. ಕಳೆದುಕೊಂಡವರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ, ಇದು ಅದಲ್ಲ.

ಬ್ರೋಕರಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎಂದೆ. ಗುರುತಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಪೂರ್ತಿ ಓದಬೇಕೆಂದು ಹುಡುಗಿ ಈಗತಾನೇ ಕಲಿತಿದ್ದಾಳೆ. ಅವಸರ ಮಾಡುವುದು ಬೇಡ.